ಮ್ಯಾಗಜಿನ್, ಜಮ್ಮಾ ಮತ್ತು ನಮ್ಮ ಹುಡುಗನ ಅರ್ಜಿ



ಪೋಸ್ಟ್ ಸ್ವಲ್ಪ ಉದ್ದ ಆಗ್ತದ, ತಾಳ್ಮೆಯಿಂದ ಓದ್ರಿ. ಹದಿನೈದು ದಿನದಿಂದ ತಲೆಯಾಗ ಇಟ್ಕೊಂಡು ತಿರುಗಲತ್ತೀನಿ, ಬರೀದೇ ಹೋದ್ರ ನಿದ್ದಿ ಬರಲ್ಲ.

ಹೋದ ರವಿವಾರ ಸಂಜಿಗೆ ನನ್ನ ತಮ್ಮನ ಮಗ ಮನೆಗೆ ಬಂದ. ಡಿಪ್ಲೊಮಾ ಮುಗಿಸಿ ವಾಡಿ ಕಡೆ ಗುತ್ತಿಗೆ ಕೆಲಸಕ್ಕೆ ಹೋಗ್ತಾನ. ಬಂದವನೇ ನೀರು ಕೂಡ ಕುಡೀದೆ ಮೊಬೈಲ್ ನನ್ನ ಮುಖದ ಮುಂದೆ ಹಿಡಿದ. ಅಮೆರಿಕಾದ ಒಬ್ಬ ನ್ಯಾಯಾಧೀಶ, ಕಪ್ಪು ಗೌನು ಹಾಕ್ಕೊಂಡು, ಟೇಬಲ್ ಮೇಲೆ ಪಿಸ್ತೂಲು ಇಟ್ಕೊಂಡು, ಬಿಚ್ಚಿ ಜೋಡಿಸಿ ತೋರಿಸಲತ್ತಿದ್ದ. ನಾನು ಸಿನಿಮಾ ಅಂದ್ಕೊಂಡೆ.

"ಸಿನಿಮಾ ಅಲ್ಲ ಕಾಕಾ, ಖರೇ ಜಡ್ಜ್. ಅಲ್ಲಿ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯೋ ಮ್ಯಾಗಜಿನ್ ಇಟ್ಕೊಬಾರದು ಅಂತ ಸರ್ಕಾರ ಕಾನೂನು ಮಾಡ್ಯಾದ. ಜನ ಕೋರ್ಟಿಗೆ ಹೋಗ್ಯಾರ. ಹನ್ನೊಂದನೇ ಗುಂಡಿಗಾಗಿ ಎಂಟು ವರ್ಷ ಕೇಸ್ ನಡೆಸ್ಲತ್ತಾರ. ನಮ್ಗ ಒಂದನೇ ಗುಂಡೇ ಇಲ್ಲ."

ಹಿಂಗಂದು ಕಿಸೆಯಿಂದ ಮಡಚಿದ ಒಂದು ಹಾಳಿ ತೆಗೆದ. ಬಂದೂಕಿನ ಲೈಸೆನ್ಸಿಗೆ ಅರ್ಜಿ ನಮೂನೆ. "ತುಂಬಿ ಕೊಡು. ನಿನ್ನ ಕೈಬರಹ ಚೊಲೋ ಅದ, ಆಫೀಸ್ ಭಾಷಾ ನಿನಗ ಬರ್ತದ."

ಅವನಿಗೆ ಬಂದೂಕು ಯಾಕೆ ಬೇಕಾಯ್ತು ಅನ್ನೋದನ್ನ ಮೊದಲು ಹೇಳ್ತೀನಿ. ಏಪ್ರಿಲ್ 14ರ ರಾತ್ರಿ, ನಮ್ಮ ಬೀಗರ ಊರಾಗ (ಹೆಸರು ಬರೆಯಲ್ಲ, ಅಲ್ಲಿ ನಮ್ಮ ಹೆಣ್ಣುಮಕ್ಕಳು ಸಂಸಾರ ಮಾಡ್ಲತ್ತಾರ) ಬಾಬಾಸಾಹೇಬರ ಮೆರವಣಿಗೆ ದೊಡ್ಡ ಮನೆಯೊಂದರ ಮುಂದೆ ಹೋಗುವಾಗ ಮಾಳಿಗೆ ಮೇಲಿಂದ ಒಂದು ಗುಂಡು ಗಾಳಿಯಾಗ ಹಾರ್ತು. ಯಾರಿಗೂ ಬೀಳಲಿಲ್ಲ. ಆದರ ಡೊಳ್ಳು ನಿಂತಿತು. ಮೂರು ವರ್ಷದ ಕೂಸೊಂದು ಅಪ್ಪನ ಹೆಗಲ ಮೇಲೆ ಕೂತಿದ್ದು ಅಲ್ಲೇ ಉಚ್ಚಿ ಹೊಯ್ಕೊಂಡಿತು. ಮರುದಿನ ಠಾಣೆಗೆ ಹೋದ್ರ "ಪಟಾಕಿ ಸಪ್ಪಳ ಇರಬೇಕು ನೋಡ್ರಿ, ಹಬ್ಬ ಇತ್ತಲ್ಲ" ಅಂದ್ರು. ಹಬ್ಬ ನಮ್ಮದು, ಪಟಾಕಿ ಅವರದು! 2019ರ ಆಯುಧ ಕಾಯ್ದೆ ತಿದ್ದುಪಡಿಯಾದ ಮೇಲೆ ಸಂಭ್ರಮಕ್ಕಂತ ಬೇಕಾಬಿಟ್ಟಿ ಗುಂಡು ಹಾರಿಸಿದ್ರೂ ಎರಡು ವರ್ಷದ ತನಕ ಜೈಲು ಅದ, ಲಕ್ಷದ ತನಕ ದಂಡ ಅದ. ಆದರ ಪಟಾಕಿಗೆ ಆ ಕಲಂ ಹತ್ತಲ್ಲ. ನಮ್ಮ ಹುಡುಗ ಆ ಮೆರವಣಿಗೆಯಾಗ ಮುಂದ ಇದ್ದ.

ಅವನು ಹೋದ ಮೇಲೆ ಅರ್ಜಿ ಟೇಬಲ್ ಮೇಲೆ ಇಟ್ಟು, ಆ ಅಮೆರಿಕಾದ ಕೇಸ್ ಏನು ಅಂತ ಓದಲಿಕ್ಕೆ ಕೂತೆ. ಖರೇ ಹೇಳ್ಬೇಕಂದ್ರ ನನಗ ಮ್ಯಾಗಜಿನ್ ಅಂದ್ರ ಮೊದಲು ನೆನಪಾಗೋದು 'ಪಂಚಮ'ದಂಥ ಪತ್ರಿಕೆ. ಇದು ಅದಲ್ಲ. ಪಿಸ್ತೂಲಿನ ಹಿಡಿಕೆಯೊಳಗ, ರೈಫಲ್ಲಿನ ಹೊಟ್ಟೆ ಕೆಳಗ ಸಿಕ್ಕಿಸೋ ತೋಟಾದ ಡಬ್ಬಿ. ಒಂದು ಹಾರಿದ ಕೂಡ್ಲೇ ಒಳಗಿನ ಸ್ಪ್ರಿಂಗ್ ಮುಂದಿನದನ್ನ ಮೇಲಕ್ಕೆ ತಳ್ತದ. ಡಬ್ಬಿ ದೊಡ್ಡದಿದ್ದಷ್ಟು ಕೈಗೆ ಬಿಡುವು ಕಡಿಮೆ.

ಕ್ಯಾಲಿಫೋರ್ನಿಯಾ ರಾಜ್ಯ 2000ದಿಂದಲೇ ಹತ್ತಕ್ಕಿಂತ ಹೆಚ್ಚು ಗುಂಡಿನ ಡಬ್ಬಿ ಮಾರೋದನ್ನ ನಿಲ್ಲಿಸಿತ್ತು. 2016ರಲ್ಲಿ ಜನಮತ ತಗೊಂಡು, ಮನೆಯಾಗ ಇಟ್ಕೊಳ್ಳೋದೂ ತಪ್ಪು ಅಂತ ಮಾಡಿತು. ಬಂದೂಕಿನ ಹಕ್ಕಿನವರು ಕೋರ್ಟಿಗೆ ಹೋದರು. ಸ್ಯಾನ್ ಡಿಯಾಗೋದ ಫೆಡರಲ್ ನ್ಯಾಯಾಧೀಶರು 2017ರಲ್ಲಿ ತಡೆಯಾಜ್ಞೆ ಕೊಟ್ಟರು, 2019ರಲ್ಲಿ ಕಾನೂನನ್ನೇ ರದ್ದು ಮಾಡಿದರು. ಆ ಆದೇಶಕ್ಕೆ ತಡೆ ಬೀಳೋ ತನಕ ಸಿಕ್ಕ ಒಂದು ವಾರದಾಗ ಜನ ಡಬ್ಬಿ ಕೊಳ್ಳಲಿಕ್ಕೆ ಮುಗಿಬಿದ್ದರಂತೆ. 2021ರಲ್ಲಿ ಮೇಲಿನ ಕೋರ್ಟ್ ಕಾನೂನು ಸರಿ ಅಂತು. 2022ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ನ್ಯೂಯಾರ್ಕಿನ ಇನ್ನೊಂದು ಕೇಸಿನಾಗ ಹೊಸ ಅಳತೆಗೋಲು ಹಾಕಿ, ಇದನ್ನೂ ಆ ಪ್ರಕಾರ ಮತ್ತೊಮ್ಮೆ ನೋಡ್ರಿ ಅಂತ ವಾಪಸ್ ಕಳಿಸ್ತು. 2023ರಲ್ಲಿ ಅದೇ ನ್ಯಾಯಾಧೀಶರು ಮತ್ತೆ ರದ್ದು ಮಾಡಿದರು. 2025ರ ಮಾರ್ಚ್ 20ರಂದು ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಏಳು-ನಾಲ್ಕರ ಬಹುಮತದಿಂದ ಮತ್ತೆ ಎತ್ತಿ ಹಿಡಿಯಿತು: ದೊಡ್ಡ ಡಬ್ಬಿ ಬಂದೂಕಿಗೆ ಜೋಡಿಸೋ ಸಾಮಾನು, ಅದೇ 'ಆಯುಧ' ಅಲ್ಲ ಅಂತ. ಅದನ್ನ ಒಪ್ಪದ ನಾಲ್ವರೊಳಗ ಒಬ್ಬರೇ ಆ ಪಿಸ್ತೂಲು ಬಿಚ್ಚಿ ತೋರಿಸಿದ ವಿಡಿಯೋ ಮಾಡಿದವರು. ತೀರ್ಪಿನ ಜೊತೆ ಯೂಟ್ಯೂಬ್ ವಿಡಿಯೋ! ನಮ್ಮ ಕಡೆ ತಹಶೀಲ್ ಆಫೀಸಿನ ನಕಲು ಪ್ರತಿ ಸಿಗಬೇಕಂದ್ರ ಮೂರು ಸಲ ಅಡ್ಡಾಡಬೇಕು.

ಹತ್ತು ಅನ್ನೋ ಲೆಕ್ಕ ಹುಚ್ಚುಚ್ಚಾಗಿ ಬಂದದ್ದಲ್ಲ. 2011ರ ಜನವರಿಯಾಗ ಅರಿಜೋನಾದ ಟ್ಯೂಸನ್ ಊರಿನ ಅಂಗಡಿಯೊಂದರ ಮುಂದೆ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಜನರನ್ನ ಭೇಟಿ ಆಗ್ಲತ್ತಿದ್ದರು. ಒಬ್ಬ ಬಂದು ಮೂವತ್ತಮೂರು ಗುಂಡಿನ ಡಬ್ಬಿ ಖಾಲಿ ಮಾಡಿದ. ಆರು ಜನ ಸತ್ತರು, ಅದರಾಗ ಒಂಬತ್ತು ವರ್ಷದ ಹುಡುಗಿ ಒಬ್ಬಳು. ಅವನು ಎರಡನೇ ಡಬ್ಬಿ ಹಾಕಲಿಕ್ಕೆ ತಡವರಿಸಿದ ಆ ಒಂದು ಗಳಿಗೆಯಾಗ ಜನ ಮೇಲೆ ಬಿದ್ದು ಕೆಡವಿದರು. ಅರವತ್ತು ದಾಟಿದ ಒಬ್ಬ ಹೆಣ್ಣುಮಗಳು ಆ ಡಬ್ಬಿ ಕಸಗೊಂಡಳು. ಡಬ್ಬಿ ಬದಲಿಸೋ ಆ ಗಳಿಗೆಯಾಗ ಒಬ್ಬ ಮುದುಕಿಗೂ ಕೈ ಚಾಚಲಿಕ್ಕೆ ಅವಕಾಶ ಸಿಗ್ತದ. ಹತ್ತರ ಲೆಕ್ಕದ ಹಿಂದೆ ಇರೋದು ಇಷ್ಟೇ. 2017ರಲ್ಲಿ ಲಾಸ್ ವೇಗಸ್‌ನಾಗ ಹೋಟೆಲ್ ಕಿಟಕಿಯಿಂದ ಒಬ್ಬನೇ ಸುಮಾರು ಹತ್ತು ನಿಮಿಷದಾಗ ಸಾವಿರಕ್ಕೂ ಹೆಚ್ಚು ಗುಂಡು ಹಾರಿಸಿದಾಗ ಕೆಳಗಿದ್ದವರಿಗೆ ಅಂಥ ಅವಕಾಶ ಸಿಗಲಿಲ್ಲ. ಹಿಂಗಾಗಿ ಈ ಕಾನೂನಿನ ವಿಷಯದಾಗ ನಾನು ಕ್ಯಾಲಿಫೋರ್ನಿಯಾ ಸರ್ಕಾರದ ಕಡೆ. ನಮ್ಮ ಹುಡುಗನಿಗೂ ಅದನ್ನೇ ಹೇಳ್ದೆ. ಅವನು ಮುಖ ತಿರುವಿದ.

ಆದರ 2022ರ ಆ ಹೊಸ ಅಳತೆಗೋಲು ಅದಲ್ಲ, ಅದು ನನ್ನ ನಿದ್ದಿ ಕೆಡಿಸಿದ್ದು. ಬಂದೂಕಿನ ಮೇಲಿನ ಯಾವುದೇ ನಿರ್ಬಂಧ ಉಳೀಬೇಕಂದ್ರ, ಆ ದೇಶದ ಹಳೆ ಸಂಪ್ರದಾಯದಾಗ ಅಂಥ ನಿರ್ಬಂಧ ಇತ್ತು ಅಂತ ಸರ್ಕಾರ ತೋರಿಸಬೇಕಂತ. ಹಿಂದೆ ಏನಿತ್ತು? ಇದು ಪ್ರಶ್ನೆ. ವಕೀಲರು ಇನ್ನೂರು ಮುನ್ನೂರು ವರ್ಷದ ಹಿಂದಿನ ಕಾನೂನು ಹುಡುಕಲತ್ತಾರ. ಹುಡುಕಿದರ ಸಿಗೋದೇನು? ಗುಲಾಮರಿಗೆ ಬಂದೂಕು ಇಲ್ಲ, ಕರಿಯರಿಗೆ ಇಲ್ಲ, ಮೂಲನಿವಾಸಿಗಳಿಗೆ ಮಾರಬಾರದು. 1857ರ ಡ್ರೆಡ್ ಸ್ಕಾಟ್ ತೀರ್ಪಿನಾಗ ಅಲ್ಲಿಯ ಮುಖ್ಯ ನ್ಯಾಯಮೂರ್ತಿ, ಕರಿಯರನ್ನ ಪೌರರು ಅಂತ ಒಪ್ಪಿದ್ರ ಅವರು ಹೋದಲ್ಲೆಲ್ಲ ಆಯುಧ ಇಟ್ಕೊಂಡು ತಿರುಗೋ ಹಕ್ಕೂ ಕೊಡಬೇಕಾಗ್ತದ ಅಂತ ಹೆದರಿಕೆ ಹಾಕಿದ. ಪೌರತ್ವ ಕೊಡದಿರಲಿಕ್ಕೆ ಅವನು ಕೊಟ್ಟ ಕಾರಣದಾಗ ಅದೂ ಒಂದು. ಗುಲಾಮಗಿರಿ ಹೋದ 1865ರಲ್ಲೇ ಮಿಸಿಸಿಪ್ಪಿ ರಾಜ್ಯ, ಬಿಡುಗಡೆಯಾದ ಕರಿಯರು ಲೈಸೆನ್ಸ್ ಇಲ್ಲದೆ ಬಂದೂಕು ಇಡಬಾರದು ಅಂತ ಮಾಡ್ತು. 1956ರಲ್ಲಿ ಮಾಂಟ್ಗೊಮರಿಯಾಗ ಮನೆಗೆ ಬಾಂಬ್ ಬಿದ್ದ ಮೇಲೆ ಮಾರ್ಟಿನ್ ಲೂಥರ್ ಕಿಂಗ್ ಬಂದೂಕಿನ ಪರವಾನಗಿಗೆ ಅರ್ಜಿ ಹಾಕಿದ್ದರು. ಹೌದ್ರಿ, ಅಹಿಂಸೆಯ ಕಿಂಗ್. ಅರ್ಜಿ ತಿರಸ್ಕಾರ ಆಯ್ತು.

ಇವತ್ತು ಹತ್ತು ಗುಂಡಿನ ಮಿತಿಗೆ ಹೆಸರಾದ ಅದೇ ಕ್ಯಾಲಿಫೋರ್ನಿಯಾದ ಇನ್ನೊಂದು ಕತೆ ನಮ್ಮ ಚಳವಳಿಯವರಿಗೆ ಗೊತ್ತಿರಬೇಕು. 1966ರಲ್ಲಿ ಓಕ್‌ಲ್ಯಾಂಡಿನಾಗ ಬ್ಲ್ಯಾಕ್ ಪ್ಯಾಂಥರ್ ಹುಟ್ಟಿತು. ಆಗ ತುಂಬಿದ ಬಂದೂಕು ಎದ್ದು ಕಾಣೋ ಹಂಗ ಹಿಡ್ಕೊಂಡು ತಿರುಗೋದು ಅಲ್ಲಿ ಕಾನೂನಿನ ಪ್ರಕಾರ ತಪ್ಪಲ್ಲ. ಪೊಲೀಸರು ಕರಿಯರನ್ನ ತಡೆದಲ್ಲೆಲ್ಲ ಪ್ಯಾಂಥರ್ ಹುಡುಗರು ದೂರ ನಿಂತು, ಬಂದೂಕು ಹಿಡ್ಕೊಂಡು, ಕಾನೂನು ಪುಸ್ತಕ ಓದಿ ಹೇಳ್ತಿದ್ದರು. ಇದನ್ನ ನಿಲ್ಲಿಸಲಿಕ್ಕೆ ಮಸೂದೆ ಬಂತು. 1967ರ ಮೇ 2ಕ್ಕೆ ಪ್ಯಾಂಥರ್‌ಗಳು ಬಂದೂಕು ಸಮೇತ ಸ್ಯಾಕ್ರಮೆಂಟೊದ ವಿಧಾನಸಭೆಗೇ ಹೋದರು. ಜುಲೈ ತಿಂಗಳಾಗ ಗವರ್ನರ್ ರೊನಾಲ್ಡ್ ರೇಗನ್ ಮಲ್ಫರ್ಡ್ ಕಾಯ್ದೆಗೆ ಸಹಿ ಹಾಕಿದರು. ಆ ಪ್ಯಾಂಥರ್ ಹೆಸರೇ 1972ರಲ್ಲಿ ಮುಂಬೈಗೆ ಬಂದು ದಲಿತ್ ಪ್ಯಾಂಥರ್ ಆಯ್ತು. ಹೆಸರು ಬಂತು, ಸಿಟ್ಟು ಬಂತು, ಕವಿತೆ ಬಂತು. ಬಂದೂಕು ಬರಲಿಲ್ಲ. ಅದಕ್ಕ ನಾನು ದುಃಖ ಪಡಲ್ಲ.

ಡ್ರೆಡ್ ಸ್ಕಾಟ್ ತೀರ್ಪಿನ ಅದೇ 1857ರಲ್ಲಿ ನಮ್ಮ ಕಡೆ ಏನಾಯ್ತು ಅಂತ ಲಾವಣಿ ಕೇಳಿದವರಿಗೆ ಗೊತ್ತು. ಕಂಪನಿ ಸರ್ಕಾರ ಆಯುಧ ಒಪ್ಪಿಸ್ರಿ ಅಂತ ಕಾನೂನು ತಂತು. ಮುಧೋಳದ ಹತ್ತಿರ ಹಲಗಲಿಯ ಬೇಡರು ಒಪ್ಪಿಸಲ್ಲ ಅಂದ್ರು. ಜಡಗ್ಯಾ, ಬಾಲ್ಯಾ ಅಂತ ಹೆಸರು ಇವತ್ತಿಗೂ ಹಾಡಿನಾಗ ಅವ. ದಂಡು ಬಂದು ಊರಿಗೆ ಬೆಂಕಿ ಹಚ್ಚಿತು, ಸಿಕ್ಕವರನ್ನ ಗಲ್ಲಿಗೆ ಹಾಕಿತು. ಬೇಟೆಯೇ ಬದುಕಾದವರಿಗೆ ಆಯುಧ ಕೊಡು ಅಂದ್ರ ಅನ್ನ ಕೊಡು ಅಂದಂಗ. ಆಮೇಲೆ 1878ರಲ್ಲಿ ಲಿಟ್ಟನ್ ತಂದ ಆಯುಧ ಕಾಯ್ದೆ: ಭಾರತೀಯರಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನರಿಗೆ ಬೇಡ.

ಅದೇ ಕಾಲದಾಗ ಇನ್ನೊಂದು ವಿನಾಯಿತಿ ಹುಟ್ಟಿತು. ನಮ್ಮ ರಾಜ್ಯದ ಹೈಕೋರ್ಟಿಗೆ ಬಂದ ಬಂದೂಕಿನ ಕೇಸ್ ಅದರದ್ದೇ.

ದಂಗೆಯ ಕಾಲದಾಗ ನಿಷ್ಠೆ ತೋರಿಸಿದರು ಅಂತ ಕೊಡಗಿನವರಿಗೆ 1861ರಲ್ಲಿ ಬ್ರಿಟಿಷರು ಆಯುಧ ಕಾನೂನಿನಿಂದ ಬಿಡುಗಡೆ ಕೊಟ್ಟರು. ಹಲಗಲಿಗೆ ಬೆಂಕಿ, ಕೊಡಗಿಗೆ ವಿನಾಯಿತಿ, ನಡುವೆ ನಾಲ್ಕೇ ವರ್ಷ. ಸ್ವಾತಂತ್ರ್ಯ ಬಂದ ಮೇಲೆ 1959ರ ಆಯುಧ ಕಾಯ್ದೆ ಬಂತು, 1963ರ ಅಧಿಸೂಚನೆಯಾಗ ಆ ವಿನಾಯಿತಿ ಹಂಗೇ ಉಳೀತು: 'ಕೊಡಗು ಜನಾಂಗ'ದ ಪ್ರತಿಯೊಬ್ಬನಿಗೆ, ಮತ್ತೆ ಕೊಡಗಿನ ಪ್ರತಿ ಜಮ್ಮಾ ಹಿಡುವಳಿದಾರನಿಗೆ. ಅದರಾಗೂ ಗುಂಡಿನ ಲೆಕ್ಕ ಅದ. ಕೊಡಗಿನಿಂದ ಹೊರಗೆ ಹೋಗುವಾಗ ಒಂದು ರೈಫಲ್, ಅದಕ್ಕೆ 100 ಗುಂಡು. ಒಂದು ಕೋವಿ, ಅದಕ್ಕೆ 500 ತೋಟಾ. ಅದಕ್ಕಿಂತ ಹೆಚ್ಚು ಒಯ್ಯಬಾರದು. ನಮ್ಮ ಹುಡುಗನಿಗೆ ಇದನ್ನ ಹೇಳಿದಾಗ ಅವನು ಐನೂರು, ಐನೂರು ಅಂತ ಎರಡು ಸಲ ಅಂದ.

2019ರ ಅಕ್ಟೋಬರ್ 29ಕ್ಕೆ ಕೇಂದ್ರ ಗೃಹ ಇಲಾಖೆ ಇದನ್ನ 2029ರ ಅಕ್ಟೋಬರ್ ತನಕ ಮುಂದುವರಿಸ್ತು. ಸೈನ್ಯದಿಂದ ನಿವೃತ್ತರಾದ ಒಬ್ಬ ಕ್ಯಾಪ್ಟನ್ ಇದನ್ನ ಕರ್ನಾಟಕ ಹೈಕೋರ್ಟಿನಾಗ ಪ್ರಶ್ನೆ ಮಾಡಿದರು: ಜನಾಂಗ ನೋಡಿ, ಭೂಮಿ ನೋಡಿ ವಿನಾಯಿತಿ ಕೊಡೋದು ಸಮಾನತೆಗೆ ವಿರುದ್ಧ ಅಂತ. 2021ರ ಸೆಪ್ಟೆಂಬರ್‌ನಾಗ ವಿಭಾಗೀಯ ಪೀಠ ಅರ್ಜಿ ವಜಾ ಮಾಡ್ತು. ಕೊಡವರು ಯೋಧ ಸಮುದಾಯ, ಸ್ವಾತಂತ್ರ್ಯಕ್ಕಿಂತ ಮೊದಲಿನಿಂದ ಈ ವಿನಾಯಿತಿ ಅನುಭವಿಸ್ಕೋತ ಬಂದಾರ, ಕೊಟ್ಟದ್ದೂ ಶಾಶ್ವತ ಅಲ್ಲ, ಹತ್ತು ವರ್ಷಕ್ಕೆ ಮಾತ್ರ ಅಂತ.

ಕೊಡವರ ಮೇಲೆ ನನಗ ಯಾವ ಸಿಟ್ಟೂ ಇಲ್ಲ. ಕೈಲ್‌ಪೊಳ್ದ್ ಹಬ್ಬಕ್ಕ ಬಂದೂಕಿಗೆ ಹೂ ಏರಿಸ್ತಾರ, ಗಂಡು ಕೂಸು ಹುಟ್ಟಿದ್ರ ಒಂದು ಗುಂಡು, ಮನುಷ್ಯ ಸತ್ತರ ಎರಡು. ಅದು ಅವರ ಬದುಕು. ನನಗ ಚುಚ್ಚಿದ್ದು ಎರಡು ಶಬ್ದ. ಒಂದು 'ಯೋಧ ಸಮುದಾಯ'. ಯಾರು ಯೋಧರು ಅಂತ ಪಟ್ಟಿ ಮಾಡಿದವರು ಯಾರು? 1818ರಲ್ಲಿ ಕೋರೆಗಾಂವ್‌ನಾಗ ಹೋರಾಡಿದ ಮಹಾರ್ ಸಿಪಾಯಿಗಳನ್ನ ಅದೇ ಬ್ರಿಟಿಷರು 1890ರ ದಶಕದಾಗ ಸೈನ್ಯಕ್ಕ ಸೇರಿಸಿಕೊಳ್ಳೋದು ನಿಲ್ಲಿಸಿದರು. ಸುಬೇದಾರ್ ರಾಮ್‌ಜಿ ಸಕ್ಪಾಲರ ಮಗ ಬಾಬಾಸಾಹೇಬರು ಗಂಟುಬಿದ್ದ ಮೇಲೆ, ಯುದ್ಧದ ಗರಜು ಬಿದ್ದ ಮೇಲೆ, 1941ರಲ್ಲಿ ಮಹಾರ್ ರೆಜಿಮೆಂಟ್ ಆಯ್ತು. ಐವತ್ತು ವರ್ಷ ಯೋಧರಲ್ಲ, ಆಮೇಲೆ ಒಮ್ಮಿಂದೊಮ್ಮೆಲೆ ಯೋಧರು. ರಕ್ತ ಬದಲಾಗಲಿಲ್ಲ, ಪಟ್ಟಿ ಬದಲಾಯ್ತು.

ಎರಡನೇ ಶಬ್ದ 'ಜಮ್ಮಾ'. ಜಮ್ಮಾ ಅಂದ್ರ ಪಿತ್ರಾರ್ಜಿತ ಭೂಮಿ ಹಿಡುವಳಿ. ಅಂದ್ರ ಭೂಮಿ ಇದ್ದವನ ಹಿಂದೆ ಬಂದೂಕು ಬರ್ತದ. ಅದೇ ಕೊಡಗಿನ ಕಾಫಿ ತೋಟದ ಲೈನ್ ಮನೆಯಾಗ ಇರೋ ಯರವರು, ಪಣಿಯರು ಯಾವ ಕಾಲಕ್ಕೂ ಜಮ್ಮಾ ಕಂಡವರಲ್ಲ. 2016ರ ಡಿಸೆಂಬರ್ ಚಳಿಯಾಗ ದಿಡ್ಡಳ್ಳಿಯಾಗ ಅವರ ಗುಡಿಸಲು ಕಿತ್ತು ಹಾಕಿದಾಗ ನಮ್ಮವರು ಬಸ್ ಹತ್ತಿ ಅಲ್ಲಿ ತನಕ ಹೋಗಿದ್ದರು, ನೆನಪಿರಬೇಕು.

ಅಲ್ಲಿಯ ಕೋರ್ಟೂ ಹಿಂದೆ ಏನಿತ್ತು ಅಂತ ಕೇಳ್ತದ, ಇಲ್ಲಿಯದೂ ಕೇಳ್ತು. ನಮ್ಮಂಥವರಿಗೆ ಜಗತ್ತಿನಾಗ ಎಲ್ಲಕ್ಕಿಂತ ಅಪಾಯದ ಪ್ರಶ್ನೆ ಅದೇ. ಹಿಂದೆ ನಮ್ಮ ಕೈಯಾಗ ಪೊರಕೆ ಇತ್ತು, ಕೊರಳಾಗ ಗಡಿಗೆ ಇತ್ತು. ಅದಕ್ಕೇ ಸಂವಿಧಾನದ 13ನೇ ವಿಧಿಯಾಗ, ಮೂಲಭೂತ ಹಕ್ಕಿಗೆ ವಿರುದ್ಧವಾದ ಹಳೆ ಕಾನೂನು ಅಸಿಂಧು ಅಂತ ಬರೆದಾರ, ಕಾನೂನು ಅಂದ್ರ ರೂಢಿಯೂ ಸೇರಿ ಅಂತ ಬಿಡಿಸಿ ಬರೆದಾರ. ಆ ಒಂದು ಶಬ್ದ 'ರೂಢಿ', ಎಷ್ಟು ಮಂದಿ ಗಮನಿಸ್ಯಾರೋ.

ಬಾಬಾಸಾಹೇಬರು ಬಂದೂಕಿನ ವಿಷಯದಾಗ ಏನಂದ್ರು ಅಂತ ಹುಡುಗ ಕೇಳೇ ಕೇಳ್ತಾನ ಅಂತ ನನಗ ಗೊತ್ತಿತ್ತು. ಎರಡು ಮಾತು ಅವ, ಎರಡೂ ಅವರವೇ. 1936ರ 'ಜಾತಿ ವಿನಾಶ'ದಾಗ ಕೆಳಗಿನವರು ಇಷ್ಟು ಶತಮಾನ ಯಾಕೆ ತಿರುಗಿ ಬೀಳಲಿಲ್ಲ ಅನ್ನೋ ಪ್ರಶ್ನೆಗೆ, ಚಾತುರ್ವರ್ಣ್ಯ ಅವರ ಕೈಗೆ ಆಯುಧ ಕೊಡಲೇ ಇಲ್ಲ, ಅಕ್ಷರವನ್ನೂ ಕೊಡಲಿಲ್ಲ ಅಂತ ಬರೀತಾರ. ಹನ್ನೆರಡು ವರ್ಷ ಆದ ಮೇಲೆ, 1948ರ ಡಿಸೆಂಬರಿನಾಗ, ಸಂವಿಧಾನ ಸಭೆಯಾಗ ಮಂಗಳೂರಿನಾಗ ಹುಟ್ಟಿದ ಎಚ್.ವಿ. ಕಾಮತ್ ಎದ್ದು ನಿಂತು ಆಯುಧ ಇಟ್ಕೊಳ್ಳೋದನ್ನ ಮೂಲಭೂತ ಹಕ್ಕು ಮಾಡ್ರಿ ಅಂತ ತಿದ್ದುಪಡಿ ಕೊಟ್ಟರು. 1931ರ ಕರಾಚಿ ಕಾಂಗ್ರೆಸ್ ಅದನ್ನ ಒಪ್ಪಿತ್ತು ಕೂಡ. ಬಾಬಾಸಾಹೇಬರು ಬೇಡ ಅಂದ್ರು. ಕಳ್ಳಕಾಕರಿಗೂ, ಅಪರಾಧ ಮಾಡಿದವರಿಗೂ ಆ ಹಕ್ಕು ಕೊಡಬೇಕೇನು ಅಂತ ಕೇಳಿದರು. ತಿದ್ದುಪಡಿ ಬಿತ್ತು. ಅದಕ್ಕೇ ನಮ್ಮ 19ನೇ ವಿಧಿಯಾಗ ಸಭೆ ಸೇರೋ ಹಕ್ಕು 'ಶಾಂತಿಯುತವಾಗಿ ಮತ್ತು ಆಯುಧಗಳಿಲ್ಲದೆ' ಅದ. 2023ರ ಫೆಬ್ರವರಿಯಾಗ ಸುಪ್ರೀಂ ಕೋರ್ಟಿನ ಕೆ.ಎಂ. ಜೋಸೆಫ್, ಬಿ.ವಿ. ನಾಗರತ್ನ ಅವರ ಪೀಠ ಉತ್ತರ ಪ್ರದೇಶದ ಲೈಸೆನ್ಸ್ ಇಲ್ಲದ ಬಂದೂಕುಗಳ ವಿಷಯ ತಾನಾಗಿ ಕೈಗೆತ್ತಿಕೊಂಡಾಗಲೂ ಇದನ್ನೇ ನೆನಪು ಮಾಡ್ತು: ಅಮೆರಿಕಾದಂಗ ಇಲ್ಲಿ ಬಂದೂಕು ಮೂಲಭೂತ ಹಕ್ಕಲ್ಲ.

ಎರಡು ಮಾತಿನ ನಡುವೆ ಬಾಬಾಸಾಹೇಬರು ಬದಲಾದ್ರೇನು? ನನಗ ಹಂಗ ಅನ್ಸಲ್ಲ. ಎಲ್ಲರಿಗೂ ಬಂದೂಕಿನ ಹಕ್ಕು ಅಂದ್ರ ಊರಾಗ ಮೊದಲು ಕೊಳ್ಳೋನು ಯಾರು ಅಂತ ಅವರಿಗೆ ಗೊತ್ತಿತ್ತು. ಬಂದೂಕು ಸರ್ಕಾರದ ಕೈಯಾಗ ಇರಲಿ, ಸರ್ಕಾರ ಕಾನೂನಿನ ಕೈಯಾಗ ಇರಲಿ ಅಂತ ನಂಬಿದರು. ನಂಬಿಕೆ ಉಳಿದದ್ದೆಷ್ಟು? 1997ರ ಡಿಸೆಂಬರ್ 1ರ ರಾತ್ರಿ ಬಿಹಾರದ ಲಕ್ಷ್ಮಣಪುರ ಬಾಥೆಯಾಗ ರಣವೀರ ಸೇನೆ 58 ಜನರನ್ನ ಕೊಂದಿತು. ಕೆಳ ಕೋರ್ಟಿನಾಗ ಶಿಕ್ಷೆ ಆದವರನ್ನೆಲ್ಲ 2013ರಲ್ಲಿ ಪಟ್ನಾ ಹೈಕೋರ್ಟ್ ಬಿಟ್ಟು ಕಳಿಸ್ತು. ನಮ್ಮ ಕಂಬಾಲಪಲ್ಲಿಯಾಗ 2000ದ ಮಾರ್ಚಿನಾಗ ಏಳು ಜನರನ್ನ ಮನೆಯೊಳಗೇ ಸುಟ್ಟರು. ಒಂದು ಗುಂಡೂ ಬೇಕಾಗಲಿಲ್ಲ, ಬಾಗಿಲಿಗೆ ಹೊರಗಿನ ಚಿಲಕ ಸಾಕಾಯ್ತು. ಅಲ್ಲೂ ಎಲ್ಲರೂ ಖುಲಾಸೆ. ಮತ್ತೆ ಕಲಬುರ್ಗಿ ಸರ್, ಗೌರಿ ಮೇಡಂ. ಇಬ್ಬರನ್ನೂ ಕೊಂದದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಅಂತ ತನಿಖಾ ದಳ ಹೇಳ್ಯಾದ. ಲೈಸೆನ್ಸ್ ಇಲ್ಲದ ಪಿಸ್ತೂಲಿಗೆ ಹತ್ತರ ಮಿತಿ ಹಾಕಿದ್ರೇನು, ಎರಡರ ಮಿತಿ ಹಾಕಿದ್ರೇನು.

ಈಗ ನನ್ನ ಅಪ್ಪನ ವಿಷಯಕ್ಕೆ ಬರ್ತೀನಿ. ಇದನ್ನ ಎಲ್ಲೂ ಬರೆದಿಲ್ಲ.

ಪಂಚಾಯತಿಗೆ ಮೀಸಲಾತಿ ಬಂದ ಮೊದಲ ಸರ್ತಿ ಅಪ್ಪ ಮೆಂಬರ್ ಆದ. ಹೆಬ್ಬೆಟ್ಟಿನ ಮೆಂಬರ್. ನಮ್ಮ ಓಣಿಗೆ ಬೋರ್‌ವೆಲ್ ಹಾಕಿಸಬೇಕಂತ ಹಟ ಹಿಡಿದ. ಒಂದು ರಾತ್ರಿ ನಮ್ಮ ಬಣವಿಗೆ ಬೆಂಕಿ ಬಿತ್ತು. ಮರುದಿನ ಯಾರೋ ಓದು ಬಂದವರು ಅಪ್ಪಗ ಹೇಳಿದರು, ನೀನು ಚುನಾಯಿತ ಪ್ರತಿನಿಧಿ, ಒಂಟಿ ನಳಿಗೆ ಬಂದೂಕಿಗೆ ಅರ್ಜಿ ಹಾಕು ಅಂತ. ಹಾಕಿದ. ಆರು ತಿಂಗಳಾದ ಮೇಲೆ ಹಿಂಬರಹ ಬಂತು. ಓದಿ ಹೇಳಿದವನು ನಾನು, ಆಗ ಹೈಸ್ಕೂಲಿನಾಗಿದ್ದೆ. ಶಬ್ದ ಶಬ್ದ ನೆನಪದ: 'ಅರ್ಜಿದಾರನಿಗೆ ಸ್ವಂತ ಜಮೀನು ಇರುವುದಿಲ್ಲ. ರಕ್ಷಿಸಿಕೊಳ್ಳಬೇಕಾದಂಥ ಆಸ್ತಿ ಕಂಡುಬರುವುದಿಲ್ಲ.'

ಅಪ್ಪ ಎರಡು ಸಲ ಓದಿಸಿದ. ಆಮೇಲೆ, "ಆಸ್ತಿ ಇಲ್ಲಂತ ಬರದಾರ, ಜೀವ ಅದ ಇಲ್ಲ ಬರದಾರೇನು ನೋಡು" ಅಂದ. ನಾನು ನೋಡ್ದೆ. ಬರೆದಿರಲಿಲ್ಲ.

ಬಿಎ ಮುಗಿಸಿ, ಕಾಲೇಜೊಂದರ ಆಫೀಸಿನಾಗ ಗುಮಾಸ್ತ ಆಗಿ, ಸಂಘಟನೆಯ ಅರ್ಜಿ ಬರೀತಾ ಬರೀತಾ ಒಂದು ದಿನ 1959ರ ಆಯುಧ ಕಾಯ್ದೆ ಕೈಗೆ ಬಂತು. ಕಲಂ 14, ಉಪಕಲಂ 2: ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸಬಾರದು. ಅಪ್ಪ ಅರ್ಜಿ ಹಾಕೋ ಹೊತ್ತಿಗೆ ಆ ಸಾಲಿಗೆ ಮೂವತ್ತು ವರ್ಷ ದಾಟಿತ್ತು. ಹಿಂಬರಹ ಬರೆದ ಗುಮಾಸ್ತನಿಗೆ ಗೊತ್ತಿತ್ತೋ ಇಲ್ಲೋ. ನಾನೂ ಗುಮಾಸ್ತನೇ, ಹಿಂದಿನ ಫೈಲಿನ ಸಾಲನ್ನೇ ಎತ್ತಿ ಬರೆಯೋದು ಹೆಂಗಂತ ನನಗ ಗೊತ್ತದ. ಅಲ್ಲೂ ರೂಢಿಯೇ.

ಇದೇ ಕಾಯ್ದೆಯ ಎರಡನೇ ಕಲಂನಾಗ ನಿಷೇಧಿತ ಆಯುಧ ಯಾವುದು ಅನ್ನಲಿಕ್ಕೆ, ಕುದುರೆ ಒತ್ತಿ ಹಿಡಿದಷ್ಟೂ ಹೊತ್ತು, ಇಲ್ಲ ಮ್ಯಾಗಜಿನ್ ಖಾಲಿ ಆಗೋ ತನಕ ಗುಂಡು ಹಾರ್ತಾನೇ ಇರೋದು ಅಂತ ವಿವರಣೆ ಅದ. ಅಂದ್ರ ನಮ್ಮ ಕಾನೂನಿಗೂ ಆ ಡಬ್ಬಿ ಗೊತ್ತದ. 2019ರ ತಿದ್ದುಪಡಿ ಒಬ್ಬರಿಗೆ ಮೂರು ಇದ್ದದ್ದನ್ನ ಎರಡು ಬಂದೂಕಿಗೆ ಇಳಿಸ್ತು. ಎರಡು ಸಾಕಾಗಲ್ಲ ಅಂತ ಗೋಳಾಡಿದ ಮನೆಗಳು ಎಷ್ಟೋ. ನಮ್ಮ ಚಿಂಚೋಳಿ ಕಡೆ ಕಾಡುಹಂದಿ ತೊಗರಿ ತಿಂತಾವ ಅಂತ ಬೆಳೆ ರಕ್ಷಣೆಗೆ ಕೊಡ್ತಾರ, ಅದು ಖರೇ ಕಷ್ಟ, ಇಲ್ಲ ಅನ್ನಲ್ಲ. ಆದರ ಹಂದಿಗೆ ಅಂತ ತಂದ ಬಂದೂಕು ಊರಾಗ ಗ್ವಾಡಿಗೆ ತೂಗ್ತದ, ಅದರ ಕೆಳಗ ಕೂತು ಕೂಲಿ ಮಾತಾಡ್ತಾರ. ಹಾರಿಸಬೇಕಂತಿಲ್ಲ, ತೂಗಿದ್ರ ಸಾಕು.

ಹುಡುಗನ ಅರ್ಜಿ ಮುಂದೆ ಇಟ್ಕೊಂಡು ಮೂರು ರಾತ್ರಿ ಕೂತೆ. ಬರೀಲಿಕ್ಕೆ ಬರ್ತದ, ಕೈ ಏಳಲಿಲ್ಲ. ನಾಲ್ಕನೇ ರಾತ್ರಿ ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮ ತೆಗೆದೆ. ನಮ್ಮವರು ಪರಿಹಾರದ ಪಟ್ಟಿ ನೋಡಲಿಕ್ಕೆ ಮಾತ್ರ ತೆರೆಯೋ ಪುಸ್ತಕ ಅದು. 3ನೇ ನಿಯಮ ಯಾರೂ ಓದಲ್ಲ. ದೌರ್ಜನ್ಯ ಆಗಬಹುದು ಅಂತ ಅನಿಸಿದ ಪ್ರದೇಶ ಸರ್ಕಾರ ಗುರುತಿಸಬೇಕು; ಅಗತ್ಯ ಅನಿಸಿದ್ರ ಅಲ್ಲಿಯ ಪರಿಶಿಷ್ಟರಲ್ಲದವರ, ಅವರ ಹತ್ತಿರದ ಸಂಬಂಧಿಕರ, ಆಳುಗಳ, ಮನೆತನದ ಗೆಳೆಯರ ಬಂದೂಕು ಲೈಸೆನ್ಸ್ ರದ್ದು ಮಾಡಿ ಸರ್ಕಾರದ ಶಸ್ತ್ರಾಗಾರದಾಗ ಇಡಿಸಬೇಕು. ಅಕ್ರಮ ಬಂದೂಕು ಜಪ್ತಿ ಮಾಡಬೇಕು. ಅದರ ಮುಂದಿನ ಸಾಲು: ಅಗತ್ಯ ಅನಿಸಿದ್ರ ಪರಿಶಿಷ್ಟ ಜಾತಿ, ಪಂಗಡದವರಿಗೆ ಬಂದೂಕು ಲೈಸೆನ್ಸ್ ಕೊಡಬೇಕು. ಅವರ ಗ್ವಾಡಿಯಿಂದ ಇಳಿಸೋದು, ಇಲ್ಲ ನಮ್ಮ ಗ್ವಾಡಿಗೆ ಏರಿಸೋದು, ಎರಡೂ ಒಂದೇ ನಿಯಮದಾಗ ಅವ. ಎಲೆಕ್ಷನ್ ಬಂದಾಗ ಎಲ್ಲರ ಬಂದೂಕು ಠಾಣೆಯಾಗ ಜಮಾ ಮಾಡಿಸ್ತಾರಲ್ಲ. ಓಟಿಗಾಗಿ ಆಗೋದು ನಮ್ಮ ಜೀವಕ್ಕಾಗಿ ಯಾಕೆ ಆಗಲ್ಲ?

ನಾನು ಆ ರಾತ್ರಿ ಮೊದಲನೇದನ್ನ ಬರೆದೆ. ಏಪ್ರಿಲ್ 14ರ ಘಟನೆ, ಸಾಕ್ಷಿಗಳು, ಮಾಳಿಗೆ ಯಾವ ದಿಕ್ಕಿಗೆ, ಆ ಮನೆಯ ಲೈಸೆನ್ಸ್ ಪರಿಶೀಲಿಸಿ ರದ್ದು ಮಾಡಬೇಕು ಅಂತ, ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿಯ ಮುಂದಿನ ಸಭೆಯಾಗ ವಿಷಯ ಇಡಬೇಕು ಅಂತ. ನಾಲ್ಕು ಪುಟ. ಮೂರು ತಿಂಗಳಿಗೊಮ್ಮೆ ಆ ಸಭೆ ಆಗಲೇಬೇಕು, ಹೋಗೋ ಗೆಳೆಯರು ದಯವಿಟ್ಟು ನನಗ ಫೋನ್ ಮಾಡ್ರಿ.

ಹುಡುಗನ್ನ ಕರೆಸಿ ಓದಿ ತೋರಿಸ್ದೆ. ಪೂರ್ತಿ ಕೇಳ್ಕೊಂಡ. "ಚೊಲೋ ಬರದಿ ಕಾಕಾ" ಅಂದ. "ಸಭೆ ಆಗೋ ತನಕ ನಾವು ರಾತ್ರಿ ಹೆಂಗ ಮಲಗಬೇಕು, ಅದೂ ಒಂದು ಪುಟ ಬರೀಬೇಕಿತ್ತು."

ನನ್ನ ಹತ್ರ ಉತ್ತರ ಇರಲಿಲ್ಲ. ಬಂದೂಕು ಮನಿಗೆ ತಂದ್ರ ಮೊದಲು ಅದರ ನೆರಳು ಬೀಳೋದು ನಿಮ್ಮವ್ವನ ಮೇಲೆ, ನಿನ್ನ ಸಿಟ್ಟು ನನಗ ಗೊತ್ತದ, ಕುಡಿದ ರಾತ್ರಿ ಅದು ಯಾರ ಕಡೆ ತಿರುಗ್ತದ ಅಂತ ಹೇಳ್ದೆ. "ನಾ ಕುಡಿಯಲ್ಲ" ಅಂದ. ಅದೂ ಖರೇ. ಅವನು ಕುಡಿಯಲ್ಲ. ಅಲ್ಲಿ ಅಡ್ಡಗೋಡೆ ಹಿಂದೆ ನನ್ನ ಹೆಂಡತಿ ಪಾತ್ರೆ ಸಪ್ಪಳ ನಿಲ್ಲಿಸಿ ಕೇಳ್ಲತ್ತಿದ್ದಳು.

ತನ್ನ ನಮೂನೆ ವಾಪಸ್ ತಗೊಂಡು, ಪಡಸಾಲೆಯಾಗ ಕೂತು, ತಾನೇ ತುಂಬಲಿಕ್ಕೆ ಶುರು ಮಾಡಿದ. ಹೆಸರು, ತಂದೆ ಹೆಸರು, ಉದ್ಯೋಗ. ಕೈಬರಹ ಕಾಗೆ ಕಾಲು ಗುಬ್ಬಿ ಕಾಲು. ಬಂದೂಕು ಯಾಕೆ ಬೇಕು ಅನ್ನೋ ಜಾಗದಾಗ ಬಹಳ ಹೊತ್ತು ನಿಂತ. ಆಮೇಲೆ ತಲೆ ಎತ್ತದೇ ಕೇಳಿದ:

"ಕಾಕಾ, ಮುತ್ಯಾನ ಅರ್ಜಿಗೆ ಹತ್ತಬೇಕಿದ್ದ ಆ ಕಲಂ ಯಾವುದು ಅಂದಿ?"

"ಹದಿನಾಲ್ಕು. ಉಪಕಲಂ ಎರಡು" ಅಂದೆ. ಬರ್ಕೊಂಡ.